ಬಾಗಿಲ ಮೇಲಿನ ಚಿತ್ರ

ಆ ಊರಿನವರು ಅರಮನೆಯೊಳಗೆ ಎಲ್ಲರ ಹಾಗೆ ಮುಂದೆ ನೋಡಿಕೊಂಡು ಹೋಗುತ್ತಿದ್ದರು. ಹೊರಗೆ ಬರುವಾಗ ಮಾತ್ರ ಹಿಂದೆ ಹಿಂದೆ ಹೆಜ್ಜೆ ಹಾಕಿಕೊಂಡು ಬರುತ್ತಿದ್ದರು. ರಾಜನಿದ್ದ ಕಾಲದಿಂದ ಹಾಗೆ. ರಾಜ ಹೋದ, ಅವನ ಮಕ್ಕಳು ಊರು ಬಿಟ್ಟು ಹೋದರು, ಅರಮನೆ ನಾಡಿನ ಜನರದ್ದಾಯಿತು. ಕೋಣೆಕೋಣೆಗೂ ಚಿತ್ರಗಳನ್ನು ತೂಗುಹಾಕಿ ಹೆಬ್ಬಾಗಿಲಿಗೆ ‘ಚಿತ್ರಶಾಲೆ’ ಎಂದು ಫಲಕ ಹೊಡೆದರು. ಹಿಂದೆಜ್ಜೆ ಮಾತ್ರ ಉಳಿಯಿತು. ಸಿಂಹಾಸನಕ್ಕೆ ಬೆನ್ನು ತೋರಿಸಬಾರದು. ಸಿಂಹಾಸನ ಖಾಲಿ ಇದೆಯಲ್ಲ ಎಂದು ಪರಸ್ಥಳದವರು ಯಾರಾದರೂ ಕೇಳಿದರೆ, ಖಾಲಿ ಇರುವುದಕ್ಕೇ ಹೆಚ್ಚು ಮರ್ಯಾದೆ ಬೇಕು, ಕೂತವನಿದ್ದರೆ ಅವನೇ ಕೇಳಿ ಪಡೆಯುತ್ತಿದ್ದ, ಎನ್ನುತ್ತಿದ್ದರು.

ಮಕ್ಕಳು ನಡೆಯಲು ಕಲಿತ ಮೇಲೆ ಹಿಂದಕ್ಕೆ ನಡೆಯಲು ಕಲಿಯುತ್ತಿದ್ದರು. ಅರಮನೆಯ ಮುಂದಿನ ಕೆಂಗಲ್ಲಿನ ಮೆಟ್ಟಿಲುಗಳನ್ನು ಹಿಮ್ಮಡಿಯಲ್ಲಿ ತಡವುತ್ತ ತಡವುತ್ತ ಇಳಿಯಲು ಬಂದರೆ ಆ ಮಗು ದೊಡ್ಡದಾಯಿತೆಂದು ಲೆಕ್ಕ. ಅಲ್ಲಿ ಕಸ ಗುಡಿಸುವವರು ಸಿಂಹಾಸನದ ಕಡೆ ಮುಖ ಮಾಡಿ ಗುಡಿಸುತ್ತ ಹಿಂದಕ್ಕೆ ಸರಿಯುತ್ತಿದ್ದರು. ಬಾಗಿಲಿರುವ ಗೋಡೆಯ ಜೇಡರಬಲೆ ತೆಗೆಯಬೇಕಾದರೆ ಉದ್ದನೆಯ ಕೋಲನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಕಂಡದ್ದಲ್ಲ, ಸಿಕ್ಕಿದ್ದನ್ನು ತೆಗೆಯುತ್ತಿದ್ದರು. ಕನ್ನಡಿಯನ್ನಾಗಲಿ, ಬೆಳಗಿದ ಪಾತ್ರೆಯನ್ನಾಗಲಿ ಒಳಗೆ ತರುವಂತಿರಲಿಲ್ಲ. ಚಪ್ಪಲಿಯ ಜೊತೆಗೆ ಅವನ್ನೂ ಬಾಗಿಲಲ್ಲಿ ಇಟ್ಟು ಹೋಗಬೇಕು.

ತಪ್ಪಿದವರಿಗೆ ಹೊಡೆತವಿಲ್ಲ, ದಂಡವಿಲ್ಲ. ಸಿಂಹಾಸನಕ್ಕೆ ಬೆನ್ನು ತೋರಿಸಿದವರಿಗೆ ಊರು ಬೆನ್ನು ತೋರಿಸುತ್ತಿತ್ತು, ಅಷ್ಟೇ. ಒಬ್ಬ ಕುಂಬಾರನಿಗೆ ಹಾಗಾಗಿತ್ತು. ಹಿಂದೆಜ್ಜೆಯಲ್ಲಿ ಬರುವಾಗ ಹೊಸಿಲು ಎಡವಿ, ಮುಗ್ಗರಿಸಿ, ಅರ್ಧ ಸುತ್ತು ತಿರುಗಿ ಬಿದ್ದ. ಅಂದಿನಿಂದ ಅಂಗಡಿಯವನು ಬೆನ್ನು ತಿರುಗಿಸಿಕೊಂಡು ಅವನಿಗೆ ಬೆಲ್ಲ ತೂಗಿದ. ಹಾಲಿನವಳು ತೋಳನ್ನು ಹಿಂದಕ್ಕೆ ಚಾಚಿ ಅವನ ಚೊಂಬಿಗೆ ಹಾಲು ಹೊಯ್ದಳು, ಅರ್ಧ ನೆಲಕ್ಕೆ ಹೋಯಿತು. ಅವನ ಹೆಂಡತಿ ಗೋಡೆ ನೋಡಿಕೊಂಡು ಅವನಿಗೆ ಬಡಿಸಿದಳು. ಸಾಯುವ ತನಕ ಅವನು ಒಂದು ಮುಖವನ್ನೂ ಕಾಣಲಿಲ್ಲ. ತಿರುಗಿ ಬಿದ್ದಾಗ ಏನು ಕಂಡೆ ಎಂದು ಊರಿನವರು ಬೆನ್ನು ತಿರುಗಿಸಿಕೊಂಡೇ ಅವನನ್ನು ಕೇಳಿದ್ದರು. ಹೊಸಿಲು ಕಂಡೆ, ಅಂದಿದ್ದ.

ಅವರು ಕೇಳಿದ್ದಕ್ಕೆ ಕಾರಣವಿತ್ತು. ಸಿಂಹಾಸನವಿದ್ದ ಒಡ್ಡೋಲಗದ ಮಂಟಪದಲ್ಲಿ, ಬಾಗಿಲ ಮೇಲೆ, ಗೋಡೆಗೆ ಬರೆದ ಒಂದು ಚಿತ್ರವಿತ್ತು. ಅದು ಇದೆಯೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ನೋಡಿರಲಿಲ್ಲ. ಒಳಗೆ ಬಂದವರ ತಲೆಯ ಹಿಂದೆ, ಹೊರಗೆ ಹೋಗುವವರ ಬೆನ್ನ ಹಿಂದೆ, ಸಿಂಹಾಸನಕ್ಕೆ ನೇರ ಎದುರಾಗಿ ಅದು ಇತ್ತು. ಅರಮನೆ ಕಟ್ಟಿ ಮುಗಿದಾಗ ರಾಜ ಒಬ್ಬ ಚಿತ್ರಗಾರನನ್ನು ಕರೆಸಿದನಂತೆ. ಈ ಕಲ್ಲು ಬಂದ ಗುಡ್ಡವನ್ನು ನೀನು ನೋಡಿದ್ದೀಯಲ್ಲ, ಕಂಡದ್ದನ್ನು ಕಂಡ ಹಾಗೇ ಬರೆ, ಗೋಡೆ ನಿಂತಿರುವ ತನಕ ಯಾರೂ ಅದನ್ನು ಅಳಿಸುವುದಿಲ್ಲ, ಇದು ನನ್ನ ಮಾತು, ಅಂದನಂತೆ. ಚಿತ್ರಗಾರ ಪರದೆ ಕಟ್ಟಿಕೊಂಡು ಬರೆದ. ಪರದೆ ಬಿಚ್ಚಿದ ದಿನ ರಾಜ ಸಿಂಹಾಸನದಲ್ಲಿ ಕೂತು ಬಹಳ ಹೊತ್ತು ನೋಡಿದ. ಆ ಸಂಜೆಯೇ ಡಂಗುರ ಹೊಡೆಸಿದ: ಇನ್ನು ಮೇಲೆ ನನಗೆ ಯಾರೂ ಬೆನ್ನು ತೋರಿಸಬಾರದು. ಚಿತ್ರ ಅಷ್ಟು ಚೆಂದ ಬಂದಿರಬೇಕು, ತನ್ನೊಬ್ಬನಿಗೇ ಇರಲಿ ಅನ್ನಿಸಿರಬೇಕು, ಎಂದು ಊರಿನವರು ಮಾತಾಡಿಕೊಂಡರು. ಆಮೇಲೆ ಅದನ್ನೇ ಮಕ್ಕಳಿಗೆ ಹೇಳಿದರು.

ರಾಜನ ಹೊರತು ಆ ಚಿತ್ರ ಕಾಣಬಹುದಾಗಿದ್ದ ಇನ್ನೊಬ್ಬಳೆಂದರೆ ಸಿಂಹಾಸನದ ಹಿಂದೆ ನಿಂತು ಚಾಮರ ಬೀಸುವವಳು. ರಾಜ ಆ ಕೆಲಸಕ್ಕೆ ಕಣ್ಣಿಲ್ಲದವಳನ್ನು ಹುಡುಕಿ ಇಟ್ಟುಕೊಂಡ. ರಾಜ ಹೋದ ಮೇಲೂ ಕಣ್ಣಿಲ್ಲದವರೇ ಒಬ್ಬರಾದ ಮೇಲೆ ಒಬ್ಬರು ಬಂದು ಖಾಲಿ ಸಿಂಹಾಸನಕ್ಕೆ ಗಾಳಿ ಬೀಸಿದರು.

ಆ ಊರಿಗೆ ಒಬ್ಬಳು ಮದುವೆಯಾಗಿ ಬಂದಳು. ಬಹಳ ದೂರದ ಉಪ್ಪಿನ ಗದ್ದೆಗಳ ಸೀಮೆಯಿಂದ ಬಂದವಳು. ಆದರೆ ಹುಟ್ಟಿದ್ದು ಅಲ್ಲೂ ಅಲ್ಲ, ಒಂದು ಗುಡ್ಡದ ಮೇಲೆ. ಹಾಗಾಗಿ ಊರು ಅವಳನ್ನು ಗುಡ್ಡದವಳು ಎಂದೇ ಕರೆಯಿತು. ಅವಳು ಮುದುಕಿಯಾದ ಮೇಲೂ ಆ ಹೆಸರು ಹೋಗಲಿಲ್ಲ.

ಗುಡ್ಡವೇ ಹೋಗಿಬಿಟ್ಟಿತ್ತು. ಅದು ಕೆಂಗಲ್ಲಿನ ಗುಡ್ಡ. ಅರಮನೆಗೆ ಕೆಂಗಲ್ಲೇ ಬೇಕೆಂದು ರಾಜನಿಗೆ ಮನಸ್ಸಾಯಿತು. ಗಾಡಿಗಳು ಹೋದವು, ಗಾಡಿಗಳು ಬಂದವು, ಕೊನೆಗೆ ಅಲ್ಲಿ ಒಂದು ಹೊಂಡ ಉಳಿಯಿತು, ಇಲ್ಲಿ ಒಂದು ಅರಮನೆ ಎದ್ದಿತು. ಗುಡ್ಡದವಳು ಆಗ ಸೊಂಟದ ಕೂಸು. ಗುಡ್ಡ ಬಿಟ್ಟು ಹೊರಟವರು ಉಪ್ಪಿನ ಸೀಮೆ ಮುಟ್ಟುವ ಮೊದಲೇ ಅವಳ ತಾಯಿ ದಾರಿಯಲ್ಲಿ ಜ್ವರ ಬಂದು ತೀರಿಕೊಂಡಳು. ಕೂಸನ್ನು ಬೆಳೆಸಿದವಳು ದೊಡ್ಡಮ್ಮ. ಕೂಸಿನ ಕಾಲಲ್ಲಿ ಒಂದೇ ಒಂದು ಬೆಳ್ಳಿಯ ಕಾಲ್ಗಡಗವಿತ್ತು. ಇನ್ನೊಂದು ಹೊರಡುವ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಎಲ್ಲೋ ಜಾರಿ ಬಿದ್ದಿತ್ತು, ಹುಡುಕಲು ಯಾರೂ ಹಿಂದಕ್ಕೆ ಹೋಗಲಿಲ್ಲ.

ಉಪ್ಪಿನ ಸೀಮೆಯಲ್ಲಿ ಗುಡ್ಡದವಳು ದೊಡ್ಡಮ್ಮನನ್ನು ಒಂದೇ ವಿಷಯ ಕೇಳುತ್ತಿದ್ದಳು: ನಮ್ಮವ್ವನ ಮುಖ ಹೇಗಿತ್ತು? ದೊಡ್ಡಮ್ಮ ಒಂದು ಸಲ ಉಬ್ಬುಹಲ್ಲು ಅನ್ನುವಳು, ಇನ್ನೊಂದು ಸಲ ಹಲ್ಲು ಸರಿಯಾಗಿಯೇ ಇದ್ದವು ಅನ್ನುವಳು. ಕೊನೆಗೊಂದು ದಿನ ಉಪ್ಪು ಎಳೆಯುತ್ತಿದ್ದ ಹಲಗೆಯನ್ನು ಕೆಳಗಿಟ್ಟು ಹೇಳಿದಳು:

“ನನ್ನ ಕೇಳ್ಬೇಡ ಕೂಸೇ. ಮುಖ ಹೇಳಕ್ಕೆ ನನಗೆ ಬರಲ್ಲ. ಅವತ್ತು ರಾಜ ಆನೆ ಮೇಲೆ ಬಂದು, ಗುಡ್ಡ ನಿಮ್ಮದು, ಒಡೆಯೋರೂ ನೀವೇ ಆಗಿ, ಕೂಲಿ ಕೊಡ್ತೀನಿ ಅಂದ. ಯಾರೂ ಬಾಯಿ ಬಿಡಲಿಲ್ಲ, ಎದ್ದು ಹೊರಟುಬಂದ್ವಿ. ಆಗ ಒಬ್ಬ ಚಿತ್ರದವನು ಆನೆ ಪಕ್ಕ ಬಂಡೆ ಮೇಲೆ ಕೂತಿದ್ದ. ಅರಮನೆ ಬಾಗಿಲ ಮೇಲೆ ಅವನು ನಮ್ಮ ಗುಡ್ಡ ಬರೆದಿದ್ದಾನಂತೆ, ನಿಮ್ಮವ್ವನೂ ಅದರಲ್ಲಿದ್ದಾಳೆ. ನೋಡಬೇಕು ಅಂದ್ರೆ ಅರಮನೆಗೆ ಹೋಗಿ ನೋಡು.”

ಆದ್ದರಿಂದಲೇ ಉಪ್ಪಿನ ವ್ಯಾಪಾರಿಯೊಬ್ಬ ಅರಮನೆಯ ಊರಿನಿಂದ ಸಂಬಂಧ ತಂದಾಗ ಅವಳು ಗಂಡನ್ನು ನೋಡದೆಯೇ ಆಗಲಿ ಅಂದಳು.

ಹೊಸ ಗಂಡಹೆಂಡಿರು ಚಿತ್ರಶಾಲೆ ನೋಡಿ ಬರುವುದು ಅಲ್ಲಿಯ ಪದ್ಧತಿ. ಗಂಡ ಅವಳನ್ನು ಕರೆದುಕೊಂಡು ಹೋದ. ಒಂದು ಕೋಣೆಯಲ್ಲಿ ರಾಜರು ನಿಂತಿದ್ದ ಚಿತ್ರಗಳು, ಮುಂದಿನದರಲ್ಲಿ ರಾಜರು ಕೂತಿದ್ದ ಚಿತ್ರಗಳು, ಅದರಾಚೆ ರಾಜರ ಕುದುರೆಗಳು, ನಾಯಿಗಳು, ರಾಣಿಯರು. ಎಲ್ಲರೂ ಮುಖ ತೋರಿಸಿಕೊಂಡೇ ಇದ್ದರು. ಕುದುರೆಗಳು ಕೂಡ ಕತ್ತು ಹೊರಳಿಸಿ ನೋಡುತ್ತಿದ್ದವು. ಯುದ್ಧದ ಚಿತ್ರವೊಂದರಲ್ಲಿ ಸೋತು ಓಡುತ್ತಿದ್ದ ಶತ್ರುಗಳು ಕೂಡ ಹಿಂದೆಜ್ಜೆಯಲ್ಲೇ ಓಡುತ್ತಿದ್ದರು. ಅವಳಿಗೆ ನಗು ಬಂತು. ಗಂಡ, ಇದರಲ್ಲಿ ನಗುವುದೇನಿದೆ ಎಂದು ಕೇಳಿದ.

ಮಂಟಪದೊಳಗೆ ಕಾಲಿಟ್ಟಾಗ ಅವಳ ಅಂಗಾಲಿಗೆ ನೆಲ ತಣ್ಣಗೆ ತಾಗಿತು. ಎಲ್ಲ ಕೆಂಗಲ್ಲು. ಎದುರಿಗೆ ಸಿಂಹಾಸನ, ಅದರ ಹಿಂದೆ ಕಣ್ಣಿಲ್ಲದ ಹೆಂಗಸು, ಅವಳ ಕೈಯಲ್ಲಿ ಎಡಕ್ಕೂ ಬಲಕ್ಕೂ ಹೋಗಿ ಬರುವ ಬಿಳಿಯ ಚಾಮರ. ತನ್ನ ಬೆನ್ನ ಹಿಂದೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ತಾಯಿ ಇದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಕತ್ತು ತಾನಾಗಿಯೇ ತಿರುಗತೊಡಗಿತು. ಗಂಡ ಅವಳ ರಟ್ಟೆಯನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡ. ಅವನು ಕೆಟ್ಟವನಲ್ಲ. ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಬೆನ್ನು ತಿರುಗಿಸಿಕೊಂಡು ಬಾಳುವುದು ಅವನಿಗೆ ಬೇಡವಾಗಿತ್ತು. ಅವಳು ಹಿಂದೆಜ್ಜೆಯಲ್ಲಿ ಬಂದಳು, ಚಿತ್ರದ ಕೆಳಗೇ ಹಾದು, ಮೆಟ್ಟಿಲಿಳಿದಳು. ರಟ್ಟೆಯ ಮೇಲೆ ನಾಲ್ಕು ಅರ್ಧಚಂದ್ರಗಳು ಬಹಳ ದಿನ ಇದ್ದವು.

ಆಮೇಲೆ ಬದುಕು ಎಲ್ಲರದ್ದೂ ಸಾಗುವ ಹಾಗೆ ಸಾಗಿತು. ಒಬ್ಬಳು ಮಗಳು ಹುಟ್ಟಿದಳು. ಒಂಟಿ ಕಾಲ್ಗಡಗವನ್ನು ಅವಳ ತೊಟ್ಟಿಲಿಗೆ ಕಟ್ಟಿದ್ದಾಯಿತು, ಅದನ್ನು ನೋಡಿ ಮಗಳು ಕೈಕಾಲು ಆಡಿಸಲು ಕಲಿತಳು. ಗಂಡ ತೀರಿಕೊಂಡ. ಮಗಳು ಬೆಳೆದು ಮಂಟಪದ ಬಾಗಿಲು ಕಾಯುವವಳಾದಳು. ಬಾಗಿಲಿನ ಒಳಮಗ್ಗುಲಲ್ಲಿ, ಸಿಂಹಾಸನದ ಕಡೆ ಮುಖ ಮಾಡಿ, ಹಿತ್ತಾಳೆಯ ಕಟ್ಟು ಹಾಕಿದ ಕೋಲು ಹಿಡಿದು ನಿಲ್ಲುವುದು ಅವಳ ಕೆಲಸ. ಯಾರಾದರೂ ಬೆನ್ನು ತೋರಿಸಿದರೆ ಕೋಲು ಕುಟ್ಟಿ ಮೊದಲು ಬೆನ್ನು ತಿರುಗಿಸಬೇಕಾದವಳು ಅವಳು. ಅವಳು ತಿರುಗಿದ ಮೇಲೆ ಮಿಕ್ಕವರೆಲ್ಲ ತಿರುಗಬೇಕು. ಅವಳ ಕಾಲದಲ್ಲಿ ಆ ಕೋಲು ಒಮ್ಮೆಯೂ ಸದ್ದು ಮಾಡಿರಲಿಲ್ಲ. ಕುಂಬಾರ ಬಿದ್ದದ್ದು ಅವಳ ಹಿಂದಿನವಳ ಕಾಲದಲ್ಲಿ.

ಚಾಮರದವಳು ಸತ್ತ ವಾರದಲ್ಲಿ ಗುಡ್ಡದವಳು ಚೊಂಬಿನ ಆಚೆ ನೀರು ಹೊಯ್ದಳು. ಮಾರನೆಯ ದಿನ ಹಸುವಿಗೆ ನಮಸ್ಕಾರ, ಬನ್ನಿ, ಕೂತುಕೊಳ್ಳಿ ಅಂದಳು. ಅಯ್ಯೋ ಪಾಪ, ಗುಡ್ಡದವಳ ಕಣ್ಣು ಹೋಯಿತು, ಎಂದು ಕೇರಿಯೆಲ್ಲ ಮಾತಾಯಿತು. ಮಗಳು ಮಾತ್ರ, ತಾಯಿ ಅಕ್ಕಿ ಆರಿಸುತ್ತ ಕೂತಿದ್ದಾಗ ಮುಂದೆ ಬಂದು ಕೂತಳು.

“ಅವ್ವ, ನಿನ್ನ ಕಣ್ಣು ಚೆನ್ನಾಗಿವೆ. ಕರಿ ಕಲ್ಲು, ಬಿಳಿ ಕಲ್ಲು ಎರಡೂ ತೆಗೆದು ಬೇರೆ ಬೇರೆ ಇಟ್ಟಿದ್ದೀ.”

“ಹೌದು.”

“ಚಾಮರಕ್ಕೆ ಹೋಗ್ತೀಯ?”

“ಹೋಗ್ತೀನಿ. ನಮ್ಮವ್ವನ ಮುಖ ಒಂದು ಸಲ ನೋಡಿ ಬರ್ತೀನಿ. ಆಮೇಲೆ ನನಗೆ ಏನೂ ಬೇಡ.”

ಮಗಳು ಮೊರವನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೂ ಆ ಊರಿನ ಭಯ ತಾಯಿಯ ಹಾಲಿನ ಜೊತೆಗಲ್ಲ, ಊರಿನ ನೀರಿನ ಜೊತೆಗೆ ಒಳಗೆ ಹೋಗಿತ್ತು.

“ನೋಡು. ಬೇಡ ಅನ್ನಲ್ಲ. ಆದ್ರೆ ಸಂಜೆ ಇಳಿಯುವಾಗ ಎಲ್ಲರ ಹಂಗೆ ಹಿಂದೆಜ್ಜೆ ಹಾಕ್ಕೊಂಡು ಬಾ. ತಿರುಗಬೇಡ ಅವ್ವ. ನೀನು ತಿರುಗಿದ್ರೆ ಕೋಲು ಕುಟ್ಟಬೇಕಾದವಳು ನಾನು. ಆಮೇಲೆ ನೀನು ನನ್ನ ಮುಖ ನೋಡೋ ಹಂಗಿಲ್ಲ.”

ಗುಡ್ಡದವಳು ಆಗಲಿ ಅಂದಳು. ಮನಸ್ಸಿನಿಂದಲೇ ಅಂದಳು.

ಚಿತ್ರಶಾಲೆಯ ಅಧಿಕಾರಿ ಅವಳನ್ನು ಪರೀಕ್ಷೆಗೆ ಕರೆಸಿದ. ಕಣ್ಣಿನ ಮುಂದೆ ದೀಪ ಆಡಿಸುವುದು, ಬೆರಳು ತೋರಿಸುವುದು ಇವೆಲ್ಲ ಮೋಸ ಮಾಡಬಹುದಾದ ಪರೀಕ್ಷೆಗಳು ಎಂದು ಅವನ ನಂಬಿಕೆ. ಆ ಊರಿನಲ್ಲಿ ಮೋಸ ಮಾಡಲಾಗದ ಒಂದೇ ಪರೀಕ್ಷೆ ಇತ್ತು. ಅವಳನ್ನು ನಡುವೆ ನಿಲ್ಲಿಸಿ, ಅಧಿಕಾರಿಯೂ ಕಾವಲಿನವರೂ ಗುಡಿಸುವವರೂ ಸುತ್ತ ನಿಂತು, ಒಮ್ಮೆಗೇ ಅವಳಿಗೆ ಬೆನ್ನು ತಿರುಗಿಸಿದರು. ಒಬ್ಬನು ಮಾತ್ರ ಓರೆಯಾಗಿ ನಿಂತು ಅವಳ ಮುಖ ನೋಡುತ್ತಿದ್ದ. ಕಣ್ಣಿರುವ ಯಾರೂ ಇದನ್ನು ತಡೆಯಲಾರರು, ಎದೆಯೊಡೆದು ಅಳುತ್ತಾರೆ, ಎಂದು ಅವರಿಗೆ ಗೊತ್ತಿತ್ತು.

ಗುಡ್ಡದವಳು ಅಳಲಿಲ್ಲ. ಅವಳು ಬೆಳೆದ ಉಪ್ಪಿನ ಸೀಮೆಯಲ್ಲಿ ಮೂಟೆ ಹೊತ್ತವರು ಗದ್ದೆಯ ಕಿರಿದಾದ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದರು. ಮುಂದಿನವರ ಬೆನ್ನು ನೋಡಿಕೊಂಡು ನಡೆದರೆ ಕೆಸರಿಗೆ ಬೀಳುವುದಿಲ್ಲ. ಅವಳಿಗೆ ಬೆನ್ನೆಂದರೆ ದಾರಿ. ಸುತ್ತಲಿನ ಬೆನ್ನುಗಳಲ್ಲಿ ಮಗಳದ್ದೂ ಒಂದಿತ್ತು. ರವಿಕೆಯ ಹಿಂಬದಿ ಹರಿದದ್ದನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದುಕೊಂಡಿದ್ದಳು. ಇಷ್ಟು ವರ್ಷವಾದರೂ ತಾನು ಮಗಳ ಬೆನ್ನನ್ನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಆ ದಾರದ ಮೇಲೆ ಅವಳ ಕಣ್ಣು ಒಂದು ಕ್ಷಣ ನಿಂತಿತು. ಓರೆಯಾಗಿ ನಿಂತಿದ್ದವನು ಅದನ್ನು ಕಾಣಲಿಲ್ಲ.

“ಅಜ್ಜಿಗೆ ಕಣ್ಣಿಲ್ಲ,” ಅಂದ ಅಧಿಕಾರಿ. “ನಾಳೆಯಿಂದ ಬರಲಿ.”

ಸಿಂಹಾಸನದ ಹಿಂದೆ ನಿಂತಾಗ ಏನು ತಿಳಿದರೂ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡರು.

ಚಾಮರದ ಹಿಡಿ ಬೆಳ್ಳಿಯದು, ತೂಕದ್ದು. ಕೂದಲು ಹಳೆಯದಾಗಿ ಹಳದಿಗೆ ತಿರುಗಿತ್ತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಸಂಜೆ ಮುಚ್ಚುವ ತನಕ. ಮೊದಲ ದಿನವೇ ಅವಳಿಗೆ ತಾನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ವಿಷಯ ತಿಳಿಯಿತು. ಮಂಟಪಕ್ಕೆ ಬಂದವರೆಲ್ಲ ಸಿಂಹಾಸನದ ಕಡೆಗೇ ನೋಡುತ್ತಾರೆ. ಸಿಂಹಾಸನ ಖಾಲಿ. ನೋಡಲು ಅಲ್ಲಿ ಇರುವುದು ಅವಳ ಮುಖ ಒಂದೇ. ಬಂದವರೆಲ್ಲ, ಊರವರು, ಪರಸ್ಥಳದವರು, ಹೊಸ ಗಂಡಹೆಂಡಿರು, ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಕಣ್ಣೆತ್ತಿ ಬಾಗಿಲ ಮೇಲೆ ನೋಡಿದರೆ ಮುಗಿಯಿತು.

ಹಾಗಾಗಿ ಅವಳು ಚಾಮರ ತನ್ನ ಮುಖದ ಮುಂದೆ ಹಾದುಹೋಗುವಾಗ ಮಾತ್ರ ಕಣ್ಣೆತ್ತಿದಳು. ಕೂದಲುಗಳ ನಡುವಿನಿಂದ ಒಂದು ಚೂರು ಕಂಡಿತು. ಚಾಮರ ದಾಟುವಷ್ಟರಲ್ಲಿ ಕಣ್ಣಿಳಿಸಿದಳು. ಚಾಮರ ಬಂತು, ಕಣ್ಣೆತ್ತಿದಳು. ಚಾಮರ ಹೋಯಿತು, ಕಣ್ಣಿಳಿಸಿದಳು.

ಹೀಗೆ ಮೊದಲು ಆಕಾಶ ಕಂಡಿತು. ಆಕಾಶವೇ ಬಹಳ ದಿನ ಹಿಡಿಯಿತು, ಧೂಳು ಕೂತು ಮಾಸಿತ್ತು. ಆಮೇಲೆ ಗುಡ್ಡದ ನೆತ್ತಿ. ಅದು ಕೆಂಪಾಗಿ, ಸಣ್ಣದಾಗಿ, ಆಗ ತಾನೇ ಬೇಯಿಸಿ ತೆಗೆದ ಮಡಕೆಯ ಬಣ್ಣದಲ್ಲಿತ್ತು. ಇಷ್ಟೇನಾ ನಮ್ಮೂರು, ಎಂದುಕೊಂಡಳು. ಮನೆಗಳು ಕಂಡವು. ಬಾವಿಕಟ್ಟೆ ಕಂಡಿತು. ಹಗ್ಗ ಹಾಗೇ ಬಿದ್ದಿತ್ತು. ಮಳೆಗಾಲ ಬಂದು ಹೋಗುವ ಹೊತ್ತಿಗೆ ಒಂದು ದಾರಿ ಕಂಡಿತು, ದಾರಿಯ ಮೇಲೆ ಜನ ಕಂಡರು. ಅವಳು ಒಬ್ಬೊಬ್ಬರನ್ನಾಗಿ ಹುಡುಕಿದಳು. ತಲೆಯ ಮೇಲೆ ಗಂಟು ಹೊತ್ತವನೊಬ್ಬ. ಅವನ ಬೆನ್ನು. ಮೇಕೆ ಎಳೆದುಕೊಂಡು ಹೋಗುವವಳೊಬ್ಬಳು. ಅವಳ ಬೆನ್ನು. ಬೀಸುವ ಕಲ್ಲನ್ನು ಕೋಲಿಗೆ ಕಟ್ಟಿ ಹೊತ್ತ ಇಬ್ಬರು. ಅವರ ಬೆನ್ನುಗಳು. ಇನ್ನೊಬ್ಬರು, ಮತ್ತೊಬ್ಬರು. ಒಂದು ಮುಖವೂ ಇರಲಿಲ್ಲ. ಗುಡ್ಡಕ್ಕೆ ಗುಡ್ಡವೇ ಬೆನ್ನು ಮಾಡಿ ಹೊರಟಿತ್ತು, ಚಿತ್ರದ ಆಚೆಗೆ, ಕಾಣದ ಯಾವುದೋ ಕಡೆಗೆ.

ರಾಜ ಸಾಯುವ ತನಕ ಕೂತು ನೋಡಿದ್ದು ಇದನ್ನೇ ಎಂದು ಅವಳಿಗೆ ಆಗ ತಿಳಿಯಿತು. ಕಂಡದ್ದನ್ನು ಕಂಡ ಹಾಗೇ ಬರೆ ಅಂದಿದ್ದ. ಚಿತ್ರಗಾರ ಹಾಗೇ ಬರೆದಿದ್ದ. ಕೊಟ್ಟ ಮಾತಿಗೆ ಗೋಡೆಯನ್ನು ಅಳಿಸಲಾಗದೆ ರಾಜ ಊರಿನ ಕತ್ತನ್ನು ಹಿಡಿದಿಟ್ಟಿದ್ದ. ಇದು ತಿಳಿದಾಗ ಅವಳಿಗೆ ಹೆಚ್ಚೇನೂ ಅನ್ನಿಸಲಿಲ್ಲ. ಅವಳು ಬಂದದ್ದು ರಾಜನನ್ನು ತಿಳಿಯಲಿಕ್ಕಲ್ಲ.

ಇನ್ನು ಉಳಿದದ್ದು ಚಿತ್ರದ ಕೆಳಗಿನ ಅಂಚು, ಬಾಗಿಲ ಚೌಕಟ್ಟಿಗೆ ತಾಗಿದ ಭಾಗ. ಅಲ್ಲಿ ಎಲ್ಲರಿಗಿಂತ ಹಿಂದೆ, ಹಾಗಾಗಿ ನೋಡುವವರಿಗೆ ಎಲ್ಲರಿಗಿಂತ ಹತ್ತಿರ, ಒಬ್ಬ ಹೆಂಗಸು ನಡೆಯುತ್ತಿದ್ದಳು. ಎತ್ತರದ ಹೆಂಗಸು. ತುರುಬು ಸಡಿಲವಾಗಿತ್ತು. ಒಂದು ಮಗ್ಗುಲಿಗೆ ಸ್ವಲ್ಪ ವಾಲಿದ್ದಳು, ಆ ಸೊಂಟದ ಮೇಲೆ ಕೂಸಿತ್ತು. ಚಾಮರ ಬಂತು, ಕೂಸಿನ ಕಾಲು ಕಂಡಿತು. ಕಾಲ್ಗಡಗವಿತ್ತು. ಚಾಮರ ಹೋಗಿ ಬಂತು, ಇನ್ನೊಂದು ಕಾಲು ಕಂಡಿತು. ಬರಿಗಾಲು. ಅವಳು ಕಣ್ಣು ಇನ್ನೂ ಮೇಲಕ್ಕೆ ಎತ್ತಿದಳು. ಕೂಸು ತಾಯಿಯ ಹೆಗಲ ಮೇಲಿಂದ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿತ್ತು. ಆ ಇಡೀ ಚಿತ್ರದಲ್ಲಿ ಇದ್ದದ್ದು ಅದೊಂದೇ ಮುಖ.

ಚಾಮರ ಒಂದು ಸಲ ತಪ್ಪಿ ಸಿಂಹಾಸನದ ತೋಳಿಗೆ ತಾಗಿತು. ಅವಳ ಕಣ್ಣಿನಿಂದ ನೀರಿಳಿಯಿತು. ಕಣ್ಣಿಲ್ಲದವರ ಕಣ್ಣಲ್ಲೂ ನೀರು ಬರುತ್ತದೆ, ಯಾರೂ ಏನೂ ಅಂದುಕೊಳ್ಳಲಿಲ್ಲ.

ಆ ದಿನ ಮನೆಗೆ ಬಂದ ಮೇಲೆ ಮಗಳು ಒಲೆಯ ಮುಂದೆ ಕೂತು ಮೆಲ್ಲಗೆ ಕೇಳಿದಳು:

“ಮುಖ ಕಂಡೆಯಾ ಅವ್ವ?”

“ಅವಳ ಮುಖ ಕಾಣಲ್ಲ.”

“ಹಂಗಾದ್ರೆ ಸಾಕು ಬಿಡು. ತೋಳು ಊದಿಕೊಂಡಿದೆ.”

“ನಾಳೆ ಒಂದು ದಿನ. ಆಮೇಲೆ ಬಿಡ್ತೀನಿ.”

ಮಗಳು ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟು, ಎಣ್ಣೆ ಬಿಸಿ ಮಾಡಿ ತಾಯಿಯ ತೋಳಿಗೆ ಹಚ್ಚಿದಳು. ಹಚ್ಚುತ್ತ, ಇಷ್ಟು ತಿಂಗಳು ಕೋಲು ಹಿಡಿದ ಕೈ ಬೆವರಿ ಬೆವರಿ ಹಿತ್ತಾಳೆ ಕಪ್ಪಾಗಿದೆ ಎಂದು ತಮಾಷೆ ಮಾಡಿದಳು. ಗುಡ್ಡದವಳು ಅವಳ ಮುಖವನ್ನು ನೋಡುತ್ತ ಕೂತಿದ್ದಳು.

ಮಾರನೆಯ ದಿನ ಚಿತ್ರಶಾಲೆಗೆ ಜನ ಹೆಚ್ಚು. ಸಂಜೆ ಚಾಮರ ಇಳಿಸುವುದನ್ನು ನೋಡಲು ಮಂಟಪ ತುಂಬಿತ್ತು. ಅಧಿಕಾರಿ ಒಂದು ಕಂಬದ ಪಕ್ಕ ನಿಂತಿದ್ದ. ಮಗಳು ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ಗುಡ್ಡದವಳು ಚಾಮರವನ್ನು ಖಾಲಿ ಪೀಠದ ಮೇಲೆ ಅಡ್ಡಲಾಗಿ ಮಲಗಿಸಿದಳು. ಸಿಂಹಾಸನವನ್ನು ಬಳಸಿಕೊಂಡು ಮುಂದೆ ಬಂದು, ಅದರ ಕಡೆ ಮುಖ ಮಾಡಿ ಕೈಮುಗಿದಳು. ಜನ ದಾರಿ ಬಿಟ್ಟರು. ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಮಾತು ಕೊಟ್ಟಿದ್ದಳು, ಹಾಗೇ ಹೋಗುವುದೆಂದೇ ಇಟ್ಟಳು. ಹಿಮ್ಮಡಿಗೆ ಕೆಂಗಲ್ಲು ತಾಗಿತು. ಇನ್ನೊಂದು ಹೆಜ್ಜೆ ಇಟ್ಟಳು.

ಹೀಗೇ ಅಲ್ಲವೇ ತಾನು ಗುಡ್ಡ ಬಿಟ್ಟದ್ದು, ಎಂದು ಅವಳಿಗೆ ಅನ್ನಿಸಿತು. ಹಿಂದಕ್ಕೆ ನೋಡಿಕೊಂಡು. ಆಗಲೂ ರಾಜನ ಕಡೆಗೇ ಮುಖವಿತ್ತು. ಆದರೆ ಆಗ ಎತ್ತಿಕೊಂಡು ನಡೆಯುವವಳು ಒಬ್ಬಳಿದ್ದಳು, ಅವಳು ಮುಂದೆ ನೋಡುತ್ತಿದ್ದಳು. ಅವ್ವನ ಮುಖ ಎಲ್ಲೂ ಹೋಗಿರಲಿಲ್ಲ. ಅವ್ವ ನೋಡುತ್ತಿದ್ದ ಕಡೆಗೆ ತಾನು ಇಷ್ಟು ವರ್ಷ ಒಮ್ಮೆಯೂ ನೋಡಿರಲಿಲ್ಲ.

ಗುಡ್ಡದವಳು ನಿಂತಳು. ಸೀರೆಯ ನಿರಿಗೆ ಸರಿಮಾಡಿಕೊಂಡಳು. ಆಮೇಲೆ ತಿರುಗಿದಳು.

ಮಂಟಪದಲ್ಲಿದ್ದವರು ಮೊದಲು ಮುದುಕಿಗೆ ದಿಕ್ಕು ತಪ್ಪಿತು ಅಂದುಕೊಂಡರು, ಕಣ್ಣಿಲ್ಲದವಳಲ್ಲವೇ. ಆದರೆ ಅವಳು ನೇರವಾಗಿ ಕಣ್ಣೆತ್ತಿ ಬಾಗಿಲ ಮೇಲೆ ನೋಡುತ್ತಿದ್ದಳು. ಮರೆಗೆ ಚಾಮರವಿರಲಿಲ್ಲ. ಕಂಬದ ಪಕ್ಕದಿಂದ ಅಧಿಕಾರಿ, ಕುಟ್ಟು, ಅಂದ. ಬಾಗಿಲಲ್ಲಿ ಮಗಳು ಅಲ್ಲಾಡಲಿಲ್ಲ. ತಾಯಿಯೂ ಮಗಳೂ ಮಂಟಪದ ಎರಡು ತುದಿಯಿಂದ ಒಬ್ಬರ ಮುಖ ಒಬ್ಬರು ನೋಡಿದರು. ಅಧಿಕಾರಿ ಇನ್ನೊಂದು ಸಲ, ಕುಟ್ಟು, ನಿನ್ನ ಕೆಲಸ, ಅಂದ. ಗುಡ್ಡದವಳು ದೂರದಿಂದಲೇ, ಆಗಲಿ ಎನ್ನುವ ಹಾಗೆ, ತಲೆಯಾಡಿಸಿದಳು.

ಕೋಲಿನ ಏಟು ನೆಲಕ್ಕೆ ಬಿತ್ತು. ಕೆಂಗಲ್ಲು ಗಂಟೆಯ ಹಾಗೆ ನುಡಿಯಿತು. 

ಮಗಳು ಬೆನ್ನು ತಿರುಗಿಸಿದಳು. ಅವಳ ಹಿಂದೆಯೇ ಇಡೀ ಮಂಟಪ ಬೆನ್ನು ತಿರುಗಿಸಿತು. ಹುಟ್ಟಿದಾಗಿನಿಂದ ಕಲಿತದ್ದು, ಯೋಚಿಸುವ ಹಾಗಿರಲಿಲ್ಲ. ಗುಡ್ಡದವಳು ಸಿಂಹಾಸನದ ಮುಂದೆ ನಿಂತಿದ್ದಳು, ಅವರೆಲ್ಲ ಅವಳಿಗೂ ಬಾಗಿಲಿಗೂ ನಡುವೆ ನಿಂತಿದ್ದರು. ಅವಳಿಗೆ ಬೆನ್ನು ಮಾಡಬೇಕೆಂದರೆ ಬಾಗಿಲ ಕಡೆ ಮುಖ ಮಾಡಬೇಕು. ಮಾಡಿದರು. ಅಧಿಕಾರಿಯೂ ಮಾಡಿದ. ಮಾಡಿದ ಮೇಲೆ ಎದುರಿಗೆ ಆ ಗೋಡೆ ಇತ್ತು.

ಅಷ್ಟು ಕಾಲ ತಲೆಯ ಹಿಂದೆ ಇದ್ದದ್ದನ್ನು ಅವರು ತಲೆಯೆತ್ತಿ ನೋಡಿದರು. ಆ ಊರಿನ ಅಷ್ಟೂ ಚಿತ್ರಗಳಲ್ಲಿ ಅವರು ಒಂದು ಬೆನ್ನನ್ನೂ ಕಂಡಿರಲಿಲ್ಲ, ಇಲ್ಲಿ ಒಂದು ಊರಿಗೆ ಊರೇ ಬೆನ್ನಾಗಿತ್ತು, ಮತ್ತು ಯಾರೂ ಅಳುತ್ತಿರಲಿಲ್ಲ, ನಡೆಯುತ್ತಿದ್ದರು.

ಗುಡ್ಡದವಳಿಗೆ ಗೋಡೆಯ ಮೇಲೂ ನೆಲದ ಮೇಲೂ ಈಗ ಬೆನ್ನುಗಳೇ ಕಂಡವು. ಎಲ್ಲಿ ಚಿತ್ರ ಮುಗಿಯಿತು, ಎಲ್ಲಿ ಜನ ಶುರುವಾದರು ಎಂದು ಹೇಳುವುದು ಕಷ್ಟವಿತ್ತು. ಅವಳು ಅವುಗಳ ನಡುವೆ ನಡೆದಳು. ಯಾರದೋ ಹೆಗಲ ಮೇಲಿಂದ ಒಂದು ಕೂಸು ಹಿಂದಕ್ಕೆ ಕತ್ತು ಹೊರಳಿಸಿ ಅವಳನ್ನೇ ನೋಡುತ್ತಿತ್ತು. ಅವಳು ಅದರ ಕೆನ್ನೆ ಮುಟ್ಟಿ ಮುಂದೆ ಹೋದಳು.

ಬಾಗಿಲ ಹತ್ತಿರ ಬೇರೆ ಬಣ್ಣದ ದಾರದಲ್ಲಿ ಹೊಲಿದ ರವಿಕೆ ಕಂಡಿತು. ಅವಳು ಅದರ ಹಿಂದೆ ನಿಂತಳು. ಮಗಳು ತಿರುಗದೆ, ಮೇಲೆ ನೋಡುತ್ತಲೇ ಅಂದಳು:

“ಅವ್ವ, ಒಂದೇ ಕಾಲ್ಗಡಗ.”

“ಹೂಂ.”

“ಆ ಕೂಸು ನೀನು.”

“ಹೂಂ. ಎತ್ತಿಕೊಂಡಿರೋಳು ನಿಮ್ಮಜ್ಜಿ.”

ಮಗಳು ಕೋಲನ್ನು ಗೋಡೆಗೆ ಒರಗಿಸಿದಳು. ಆಮೇಲೆ ತಿರುಗಿ ತಾಯಿಯ ಮುಖ ನೋಡಿದಳು. ನೋಡಬಾರದಿತ್ತು. ಆದರೆ ಅದನ್ನು ಹೇಳಬೇಕಾಗಿದ್ದವರೆಲ್ಲ ಸಿಂಹಾಸನಕ್ಕೆ ಬೆನ್ನು ಮಾಡಿ ನಿಂತಿದ್ದರು. ಅಧಿಕಾರಿ ಒಮ್ಮೆ ಬಾಯಿ ತೆರೆದ. ಇಷ್ಟು ಜನಕ್ಕೆ ಬೆನ್ನು ತೋರಿಸಲು ಊರಿನಲ್ಲಿ ಇನ್ನು ಯಾರು ಉಳಿದಿದ್ದಾರೆ ಎಂದು ಲೆಕ್ಕ ಹಾಕಿರಬೇಕು, ಬಾಯಿ ಮುಚ್ಚಿದ. ಬಾಗಿಲು ಎದುರಿಗೇ ತೆರೆದಿತ್ತು. ಯಾರೋ ಒಬ್ಬರು ಹೊರಟರು. ಅವರ ಬೆನ್ನು ನೋಡಿಕೊಂಡು ಇನ್ನೊಬ್ಬರು ಹೊರಟರು.

ಹೊರಗೆ ಮೆಟ್ಟಿಲುಗಳ ಮೇಲೆ ಇಳಿಬಿಸಿಲು ಬಿದ್ದು ಕೆಂಗಲ್ಲು ಮಡಕೆಯ ಬಣ್ಣಕ್ಕೆ ಬಂದಿತ್ತು. ಅಲ್ಲಿ ಜನ ಒತ್ತಿಕೊಂಡು ನಿಂತುಬಿಟ್ಟಿದ್ದರು. ಮುದುಕರು, ಗಂಡಸರು, ಹೆಂಗಸರು, ಮೊದಲ ಮೆಟ್ಟಿಲಿಗೆ ಕಾಲು ಚಾಚುವರು, ಹಿಂದಕ್ಕೆ ಎಳೆದುಕೊಳ್ಳುವರು. ಆ ಮೆಟ್ಟಿಲುಗಳನ್ನು ಮುಂದೆ ನೋಡಿಕೊಂಡು ಇಳಿದು ಅವರಿಗೆ ಅಭ್ಯಾಸವೇ ಇರಲಿಲ್ಲ. ಕೆಳಗಿನ ನೆಲ ಅಷ್ಟು ಆಳದಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮಗಳೂ ಮೊದಲ ಮೆಟ್ಟಿಲ ಅಂಚಿಗೆ ಬಂದು ನಿಂತಿದ್ದಳು.

ಗುಡ್ಡದವಳು ಅವಳ ಮುಂದೆ ಹೋಗಿ ಒಂದು ಮೆಟ್ಟಿಲು ಇಳಿದಳು. ಅಂಗಾಲಿಗೆ ಕಲ್ಲು ಬೆಚ್ಚಗಿತ್ತು.

“ನನ್ನ ಬೆನ್ನು ನೋಡ್ಕೊಂಡು ಬಾ, ಮಗಾ,” ಅಂದಳು.